ಮೋರಸ್ ‘ಅವನು’ ಅಲ್ಲ, ‘ಅವಳು’

ಬಿ.ಎಸ್ಸಿ ಎರಡನೇ ವರ್ಷ. ರೆಕಾರ್ಡ್ ಪುಸ್ತಕದಲ್ಲಿ ಹಿಪ್ಪುನೇರಳೆ ಎಲೆ ಬಿಡಿಸಿ, ಕೆಳಗೆ ಅದರ ಲ್ಯಾಟಿನ್ ವೈಜ್ಞಾನಿಕ ಹೆಸರು ‘ಮೋರಸ್ ಆಲ್ಬಸ್’ ಅಂತ ಬರೆದಿದ್ದೆ. ಮೇಡಂ ಕೆಂಪು ಪೆನ್ನಲ್ಲಿ ಕೊನೆಯ ‘ಅಸ್’ ಹೊಡೆದು ‘ಆಲ್ಬಾ’ ಅಂತ ತಿದ್ದಿದರು.

ನಮ್ಮದು ರೇಷ್ಮೆ ಸಾಕುವ ಮನೆ. ಬೆಳಿಗ್ಗೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿಯೇ ನಾನು ಕಾಲೇಜಿಗೆ ಹೊರಡುತ್ತಿದ್ದೆ. ಆ ಗಿಡದ ಹೆಸರೇ ತಪ್ಪು ಅಂದರೆ ಹೇಗೆ ಸುಮ್ಮನಿರೋದು? ಲ್ಯಾಬ್ ಮುಗಿದ ಮೇಲೆ ಕೇಳಿದೆ. “ಮೋರಸ್‌ಗೆ ಅಸ್ ಇದೆ. ಆಲ್ಬಸ್‌ಗೂ ಬರಬೇಕಲ್ವಾ ಮೇಡಂ?”

ಅವರು ಬೋರ್ಡಿನ ಮೇಲೆ ಬರೆದರು: ಬಿಳಿಯವನು, ಬಿಳಿಯವಳು, ಬಿಳಿಯದು. ಪಕ್ಕದಲ್ಲೇ ಆಲ್ಬಸ್, ಆಲ್ಬಾ, ಆಲ್ಬಮ್. ಕನ್ನಡದಲ್ಲಿ ಬಿಳಿ ಹೋರಿ, ಬಿಳಿ ಹಸು, ಬಿಳಿ ಹೂವು ಅಂದುಬಿಡುತ್ತೇವೆ, ‘ಬಿಳಿ’ ಬದಲಾಗೋದಿಲ್ಲ. ಲ್ಯಾಟಿನ್ನಿನಲ್ಲಿ ಆ ಸಲಿಗೆ ಇಲ್ಲ. ಹೆಸರಿನ ಲಿಂಗ ಯಾವುದೋ ಗುಣವಾಚಕವೂ ಅದೇ ಲಿಂಗ ಹಿಡಿಯಬೇಕು.

“ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ ಕಣಮ್ಮ. ಬಾಲ ನೋಡಿ ಮೋಸ ಹೋಗಬೇಡ. ಮೋರಸ್ ಅವಳು” ಅಂದರು.

ಹಾಗಾದರೆ ಶ್ರೀಗಂಧ ಯಾಕೆ ‘ಸಾಂಟಾಲಮ್ ಆಲ್ಬಮ್’? ಸಾಂಟಾಲಮ್ ನಪುಂಸಕಲಿಂಗದ ಪದ, ಅದಕ್ಕೆ. ಎರಡೂ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರ ಪುಸ್ತಕದಲ್ಲಿ ಇಟ್ಟ ಹೆಸರುಗಳು. ಒಂದೇ ಪುಸ್ತಕ, ಒಂದೇ ಗುಣವಾಚಕ, ಬಾಲ ಮಾತ್ರ ಬೇರೆ. ನಾವು ಮದುವೆ ಫೋಟೋ ಅಂಟಿಸಿಡುವ ‘ಆಲ್ಬಮ್’ ಕೂಡ ಇದೇ ಪದ ಅಂತ ಗೊತ್ತಾದಾಗ ಎಷ್ಟು ಖುಷಿಯಾಯಿತು! ಹಳೆಯ ರೋಮಿನಲ್ಲಿ ಜನರಿಗೆ ತಿಳಿಸಬೇಕಾದ್ದನ್ನು ಬರೆದು ನಿಲ್ಲಿಸುತ್ತಿದ್ದ ಬಿಳಿ ಹಲಗೆಗೆ ಆ ಹೆಸರಿತ್ತಂತೆ.

ಆವತ್ತು ಬಸ್ಸಿಳಿದವಳು ಊರ ಅರಳಿಕಟ್ಟೆ ಹತ್ತಿರ ನಿಂತುಬಿಟ್ಟೆ. ಅರಳಿ ಗಂಡು, ಬೇವು ಹೆಣ್ಣು ಅಂತ ಹಿರಿಯರು ಎರಡಕ್ಕೂ ಮದುವೆ ಮಾಡಿಸಿದ ಕಟ್ಟೆ ಅದು. ಲ್ಯಾಟಿನ್ನಿನಲ್ಲಿ ಅರಳಿ ‘ಫೈಕಸ್ ರಿಲಿಜಿಯೋಸಾ’, ಬೇವು ‘ಅಜಾಡಿರಾಕ್ಟಾ ಇಂಡಿಕಾ’. ಅಲ್ಲಿ ಇಬ್ಬರೂ ಹೆಣ್ಣೇ. ಕನ್ನಡದಲ್ಲಿ ಮರ ‘ಅದು’. ಆದರೂ ನಮ್ಮೂರಿನವರು ಅದಕ್ಕೆ ತಾಳಿ ಕಟ್ಟಿಸಿ ಗಂಡ ಹೆಂಡತಿ ಮಾಡಿದ್ದರು. ವ್ಯಾಕರಣಕ್ಕಿಂತ ದೊಡ್ಡ ಪ್ರೀತಿ ಇದು ಅನ್ನಿಸಿತು.

ರಾತ್ರಿ ಹುಳಕ್ಕೆ ಕೊನೆಯ ಸೊಪ್ಪು ಹಾಕಿ ಬಂದು, ರೆಕಾರ್ಡ್ ಪೂರ್ತಿ ತಿರುವಿದೆ. ಹುಣಸೆಯ ಹಾಳೆಯಲ್ಲಿ ‘ಟ್ಯಾಮರಿಂಡಸ್ ಇಂಡಿಕಸ್’ ಅಂತಿತ್ತು. ಪೆನ್ಸಿಲ್ಲಿನ ಬರಹ, ರಬ್ಬರಿಗೆ ಬೇಗ ಹೋಯಿತು. ‘ಇಂಡಿಕಾ’ ಅಂತ ನಿಧಾನವಾಗಿ ಬರೆದೆ.