ಲೇಹ್‌ಗೆ ಹೊರಟವರ ಪ್ರಶ್ನೆ: ಡೈಮಾಕ್ಸ್ ತಗೊಂಡ್ರೆ ಸಾಕಲ್ವಾ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿ ಕಡೆಯಿಂದ ಲಡಾಖ್‌ಗೆ ಹೊರಡುವವರೆಲ್ಲ ಕೇಳುವುದು ಒಂದೇ: "ಡೈಮಾಕ್ಸ್ ತಗೊಂಡ್ರೆ ಸಾಕಲ್ವಾ ಮಾರಾಯ್ರೆ?" ಡೈಮಾಕ್ಸ್ ಎಂದರೆ ಎತ್ತರದ ಕಾಯಿಲೆ ಬರದಂತೆ ತಗೊಳ್ಳುವ ಮಾತ್ರೆ. ಅದೊಂದೇ ಸಾಲದು. ಮಾತ್ರೆ ಬೇಡ ಎಂದಲ್ಲ. ಲೇಹ್‌ನಲ್ಲಿ ಮೊದಲ ಎರಡು ದಿನ ವಿಶ್ರಾಂತಿಗೆಂದು ಖಾಲಿ ಬಿಟ್ಟವರಿಗೆ ಅದು ಒಳ್ಳೆಯ ಸಹಾಯ. ಆ ಎರಡು ದಿನ ಉಳಿಸಲಿಕ್ಕೆಂದು ಮಾತ್ರೆ ನುಂಗುವುದು ಮಾತ್ರ ತಪ್ಪು ಲೆಕ್ಕ.

ಬಜ್ಪೆಯಿಂದ ದೆಹಲಿ, ಅಲ್ಲಿಂದ ಬೆಳಗಿನ ವಿಮಾನ. ಒಂದೂವರೆ ಗಂಟೆಯೊಳಗೆ ಲೇಹ್. ಊರಿರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಹಾಗಾಗಿ "ಕುದುರೆಮುಖ ಹತ್ತಿ ಅಭ್ಯಾಸ ಉಂಟು" ಎನ್ನುವುದು ಕಾಲಿಗೆ ಅಭ್ಯಾಸ, ರಕ್ತಕ್ಕಲ್ಲ. ದಿನಾ ಜಿಮ್‌ಗೆ ಹೋಗುವವರಿಗೂ ರಿಯಾಯಿತಿ ಇಲ್ಲ. ಏನೂ ಆಗುವುದಿಲ್ಲವೆಂದು ಮೊದಲ ದಿನವೇ ಓಡಾಡಿ, ಮಲಗುವವರಲ್ಲಿ ಅವರೇ ಮೊದಲಿಗರಾಗುವುದುಂಟು.

ಗಾಳಿಯಲ್ಲಿ ಆಮ್ಲಜನಕದ ಪಾಲು ಪಣಂಬೂರಿನಲ್ಲೂ ಲೇಹ್‌ನಲ್ಲೂ ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಊರಿನಿಂದ ಒಯ್ದ ಬಾಳೆಕಾಯಿ ಚಿಪ್ಸ್ ಪ್ಯಾಕೆಟನ್ನು ಲೇಹ್‌ನಲ್ಲಿ ಬ್ಯಾಗಿನಿಂದ ತೆಗೆದು ನೋಡಿ, ಬಿರಿಯುವಷ್ಟು ಉಬ್ಬಿರುತ್ತದೆ. ಒಳಗಿರುವುದು ಕರಾವಳಿಯ ಗಾಳಿ. ಹೊರಗೆ ಅದನ್ನು ಒತ್ತಿ ಹಿಡಿಯುವ ಬಲ ಮೂರನೇ ಒಂದು ಭಾಗದಷ್ಟು ಇಳಿದಿದೆ. ಒಂದೊಂದು ಉಸಿರಿಗೂ ನಮಗೆ ಸಿಗುವ ಆಮ್ಲಜನಕವೂ ಅಷ್ಟೇ ಇಳಿದಿದೆ. (ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಗಂಜಿಗೆಂದು ಕುಚ್ಚಲಕ್ಕಿ ಒಯ್ಯುವವರು ಕುಕ್ಕರ್ ಇಲ್ಲದೆ ಬೇಯಿಸಲು ಹೊರಡಬೇಡಿ.)

ದೇಹ ಇದಕ್ಕೆ ಜೋರಾಗಿ ಉಸಿರಾಡಿ ಉತ್ತರ ಕೊಡುತ್ತದೆ. ಆದರೆ ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಆಗ ಮೆದುಳು ಉಸಿರಾಟದ ವೇಗಕ್ಕೆ ತಡೆ ಹಾಕುತ್ತದೆ. ಮೂತ್ರಪಿಂಡಗಳು ಬೈಕಾರ್ಬನೇಟ್ ಎಂಬ ಕ್ಷಾರವನ್ನು ಹೊರಹಾಕಿ ಇದನ್ನು ಸರಿಮಾಡಬೇಕು, ಅದಕ್ಕೆ ದಿನಗಳೇ ಬೇಕು. ಡೈಮಾಕ್ಸ್, ಅಂದರೆ ಅಸಿಟಜೋಲಮೈಡ್, ಮಾಡುವುದು ಈ ಕೆಲಸವನ್ನು ಬೇಗ ಮಾಡಿಸುವುದಷ್ಟೆ. ತಲೆನೋವು ಮುಚ್ಚಿಡುವ ಮಾತ್ರೆ ಇದಲ್ಲ.

ದೊಡ್ಡವರಿಗೆ ತಡೆಗಟ್ಟುವ ಪ್ರಮಾಣ ದಿನಕ್ಕೆ ಎರಡು ಬಾರಿ 125 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 250ರ ಮಾತ್ರೆ, ಅರ್ಧ ಮಾಡಿಕೊಳ್ಳಬೇಕು. ಲೇಹ್ ವಿಮಾನದ ಹಿಂದಿನ ದಿನ ಶುರುಮಾಡಿ, ಲೇಹ್‌ನಲ್ಲಿ ಎರಡು ದಿನ ಕಳೆಯುವವರೆಗೆ ತಗೊಳ್ಳುವುದು ರೂಢಿ. ಇನ್ನೂ ಮೇಲೆ ಹೋಗುವವರಿಗೆ ಮುಂದುವರಿಸಲು ವೈದ್ಯರು ಹೇಳಬಹುದು. ಸಂಜೆಯ ಅರ್ಧವನ್ನು ಆರು ಗಂಟೆಯೊಳಗೆ ಮುಗಿಸಿ, ಇಲ್ಲದಿದ್ದರೆ ರಾತ್ರಿಯೆಲ್ಲ ಮೂತ್ರಕ್ಕೆ ಎದ್ದು ನಿದ್ದೆ ಹಾಳು. ಬೆರಳು, ತುಟಿ ಜುಮ್ಮೆನ್ನುವುದು, ಸೋಡಾ ಸಪ್ಪೆ ಅನಿಸುವುದು ಇದರ ಗುಣವೇ, ಹೆದರಬೇಕಿಲ್ಲ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು, ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮಕ್ಕಳ ಪ್ರಮಾಣ ತೂಕದ ಮೇಲೆ, ಅದನ್ನೂ ವೈದ್ಯರೇ ಹೇಳಬೇಕು. ಹೊರಡುವ ಎರಡು ವಾರ ಮೊದಲು ಊರಲ್ಲೇ ಒಂದು ದಿನ ತಗೊಂಡು ನೋಡಿ. ಮೈಗೆ ಒಗ್ಗದಿದ್ದರೆ ಮನೆಯಲ್ಲಿದ್ದಾಗಲೇ ಗೊತ್ತಾಗಲಿ.

ಇನ್ನು ಆ ಎರಡು ಖಾಲಿ ದಿನ. ವಿಮಾನ ಇಳಿದಾಗ ಏನೂ ಅನಿಸುವುದಿಲ್ಲ, ಮೋಸ ಹೋಗುವುದು ಅಲ್ಲೇ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು ಬರುವುದು ಆರರಿಂದ ಹನ್ನೆರಡು ಗಂಟೆಯ ನಂತರ, ಹೆಚ್ಚಾಗಿ ಮೊದಲ ರಾತ್ರಿ. ಬೆಳಿಗ್ಗೆ "ಆರಾಮ ಇದ್ದೇನೆ" ಎಂದು ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದವರು ರಾತ್ರಿ ಬೆಲೆ ತೆರುತ್ತಾರೆ. ಮೊದಲ ದಿನ ಕೋಣೆ, ಊಟ, ಅಂಗಳ, ಅಷ್ಟೇ ಸಾಕು. ಎರಡನೇ ದಿನ ಬಜಾರಿನ ಸಮತಟ್ಟು ರಸ್ತೆಯಲ್ಲಿ ನಿಧಾನ ನಡಿಗೆ. ನಿಮ್ಮ ಪ್ಯಾಕೇಜಿನಲ್ಲಿ ಎರಡನೇ ದಿನವೇ 5,359 ಮೀಟರಿನ ಖಾರ್ದುಂಗ್ ಲಾ ಪಾಸ್ (ಬೆಟ್ಟ ದಾಟುವ ದಾರಿ) ಬರೆದಿದ್ದರೆ ದುಡ್ಡು ಕಟ್ಟುವ ಮೊದಲೇ ಬದಲಿಸಲು ಹೇಳಿ.

ಮೊದಲ ರಾತ್ರಿ ಇನ್ನೊಂದು ಸಂಗತಿ ಮನೆಯವರನ್ನು ಹೆದರಿಸುತ್ತದೆ. ಪಕ್ಕದಲ್ಲಿ ಮಲಗಿದವರ ಉಸಿರು ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ನಿಲ್ಲುತ್ತದೆ. ಐದು, ಹತ್ತು ಸೆಕೆಂಡು ಸದ್ದಿಲ್ಲ. ಆಮೇಲೆ ದೊಡ್ಡದೊಂದು ಉಸಿರೆಳೆದು ಮತ್ತೆ ಶುರು. ಇದು ಎತ್ತರದಲ್ಲಿ ಸಾಮಾನ್ಯ, ಇದೊಂದೇ ಇದ್ದರೆ ರೋಗವಲ್ಲ. ಆದರೆ ಇದೇ ಕಾರಣಕ್ಕೆ ಆ ರಾತ್ರಿಗಳಲ್ಲಿ ಮದ್ಯವೂ ನಿದ್ದೆ ಮಾತ್ರೆಯೂ ಬೇಡ, ಎರಡೂ ಉಸಿರನ್ನು ಇನ್ನಷ್ಟು ಕುಗ್ಗಿಸುತ್ತವೆ.

ನೀರಿನ ವಿಷಯದಲ್ಲಿ ನಾವು ಕರಾವಳಿಯವರು ಎಡವುವುದು ಬೆವರನ್ನು ನಂಬಿ. ಇಲ್ಲಿ ಅಂಗಿ ಒದ್ದೆಯಾದರೆ ಬಾಯಾರಿಕೆ ನೆನಪಾಗುತ್ತದೆ. ಅಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಮೂತ್ರ ತಿಳಿಹಳದಿ ಇರುವಷ್ಟು ಕುಡಿಯಿರಿ. ಬಲವಂತವಾಗಿ ಐದಾರು ಲೀಟರ್ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ತಲೆನೋವು, ವಾಕರಿಕೆ ಬರುತ್ತದೆ.

ಉಸಿರಾಟ ಸುಲಭವಾಗಲೆಂದು ಕರ್ಪೂರ ಮೂಸಿದರೆ ಮೂಗು ಬಿಟ್ಟಂತೆ ಅನಿಸುತ್ತದೆ, ಆಮ್ಲಜನಕ ಹೆಚ್ಚುವುದಿಲ್ಲ. ಆಮ್ಲಜನಕದ ಡಬ್ಬಿಯ ಮೇಲೆ ಬರೆದ ಲೀಟರ್ ಓದಿ: 6 ಲೀಟರಿನದ್ದಾದರೆ, ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ ಮೂರೇ ನಿಮಿಷ. ಬೇಕಾಗುವುದು ಗಂಟೆಗಟ್ಟಲೆ. ಕೊರೊನಾ ಕಾಲದ ಆಕ್ಸಿಮೀಟರ್ ಇದ್ದರೆ ಒಯ್ಯಿರಿ, ಆದರೆ ರಕ್ತದ ಆಮ್ಲಜನಕ ಶೇ. 88 ಕಂಡು ಗಾಬರಿಯಾಗಬೇಡಿ. ಲೇಹ್‌ನಲ್ಲಿ ಮೊದಲ ದಿನ ಆರೋಗ್ಯವಂತರಿಗೂ ಅಷ್ಟು ಬರುವುದುಂಟು. ತಣ್ಣಗಿನ ಬೆರಳು, ಉಗುರುಬಣ್ಣ ಇದ್ದರೆ ಅಂಕಿ ಸುಳ್ಳು ಹೇಳುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಒಂದು ನಿಮಿಷ ಕೂತು ನೋಡಿ. ಜೊತೆಗಿರುವ ಎಲ್ಲರದ್ದೂ 88, ಒಬ್ಬರದ್ದು ಮಾತ್ರ 74 ಎಂದರೆ ಆಗ ಎಚ್ಚರ.

ತಲೆನೋವಿಗೆ ಪ್ಯಾರಸಿಟಮಾಲ್ ಆಗಬಹುದು. ಆದರೆ ಲಕ್ಷಣ ಇರುವಾಗ ಇನ್ನೂ ಎತ್ತರಕ್ಕೆ ಹೋಗಬಾರದು, ಟ್ಯಾಕ್ಸಿಗೆ ಮುಂಗಡ ಕೊಟ್ಟಿದ್ದರೂ ಸರಿ. ಒಂದು ದಿನ ಮಲಗಿದರೂ ಇಳಿಯದಿದ್ದರೆ ವೈದ್ಯರ ಬಳಿ ಹೋಗಿ. ಎರಡು ಲಕ್ಷಣಗಳಿಗಂತೂ ಬೆಳಗಾಗುವವರೆಗೆ ಕಾಯಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಕಫದಲ್ಲಿ ಗುಲಾಬಿ ನೊರೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇನ್ನೊಂದು ಮೆದುಳಿನ ಬಾವು: ಮಾತು ತಡವರಿಸುತ್ತದೆ, ನಡಿಗೆ ತೂರಾಡುತ್ತದೆ. ಸಂಶಯ ಬಂದರೆ ನೆಲದ ಟೈಲ್ಸ್ ಗೆರೆಯ ಮೇಲೆ ನಡೆಸಿ ನೋಡಿ. ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ. ಗೆರೆ ತಪ್ಪಿ ಪಕ್ಕಕ್ಕೆ ವಾಲಿದರೆ "ಸುಸ್ತು, ಮಲಗಲಿ" ಎನ್ನಬೇಡಿ. ಎರಡಕ್ಕೂ ಮದ್ದು ಆಮ್ಲಜನಕ ಮತ್ತು ಕೆಳಗಿಳಿಯುವುದು. ಲೇಹ್‌ನಲ್ಲಾದರೆ ಎಸ್‌ಎನ್‌ಎಂ ಆಸ್ಪತ್ರೆ ಊರೊಳಗೇ ಇದೆ.

ಪಾಂಗಾಂಗ್‌ನಲ್ಲಾದರೆ ಕಷ್ಟ ಬೇರೆಯೇ. ಸರೋವರವೇ 4,200 ಮೀಟರ್ ಮೇಲಿದೆ. ಅಲ್ಲಿಂದ ಲೇಹ್‌ಗೆ ಬರುವ ಸಾಮಾನ್ಯ ದಾರಿ 5,300 ಮೀಟರ್ ದಾಟಿದ ಚಾಂಗ್ ಲಾ ಪಾಸ್ ಮೇಲೆಯೇ ಹೋಗುತ್ತದೆ, ಐದಾರು ಗಂಟೆ ಹಿಡಿಯುತ್ತದೆ. ಇಳಿಯಬೇಕಾದ ರೋಗಿಯನ್ನು ಮೊದಲು ಸಾವಿರ ಮೀಟರ್ ಹತ್ತಿಸಬೇಕು. ಅದಕ್ಕೇ ಪಾಂಗಾಂಗ್ ಪ್ರವಾಸದ ಕೊನೆಗಿರಲಿ, ಶೀತ ಜ್ವರ ಇರುವವರು ಅಲ್ಲಿ ರಾತ್ರಿ ತಂಗಬೇಡಿ. ಬೇಕಿದ್ದರೆ ಲೇಹ್‌ನಿಂದ ಬೆಳಿಗ್ಗೆ ಬೇಗ ಹೊರಟು, ನೋಡಿಕೊಂಡು ಸಂಜೆಗೆ ವಾಪಸ್ ಬನ್ನಿ.