ನನ್ನಲ್ಲಿ ನಡೆದದ್ದು ಗದಗಿನಲ್ಲಿ ನಡೆಯಲಿಲ್ಲ

ಶನಿವಾರ ಬೆಳಿಗ್ಗೆ ಗದಗಿನಿಂದ ಫೋನು ಬಂತು. "ಅಕ್ಕಾರ, ಪಿಪ್ ಅಂತ ಹೊಡದ್ರ ಅದೇನಂತ ಗೊತ್ತಿಲ್ಲ ಅನ್ನಾಕತ್ತೈತಿ ನೋಡ್ರಿ." ಕಾಕಾ ಅವರ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹುಡುಗಿ. ಪಿಪ್ ಅಂದರೆ ನಾನು ಕಳಿಸಿದ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಹಾಕುವ ಸಾಧನ. ನಾನು ಹುಬ್ಬಳ್ಳಿಯಲ್ಲಿ ಮನೆಯ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ.

ಗದಗ ಮುದ್ರಣಕ್ಕೆ ಹೆಸರಾದ ಊರು. ಕಾಕಾ ಅಲ್ಲಿ ಚಿಕ್ಕಂದಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಕೆಲಸ ಕಲಿತವರು. ಆಮೇಲೆ ಸ್ವಂತ ಪ್ರೆಸ್ಸು ಹಾಕಿದರು. ಸುಮಾರು 20 ವರ್ಷಗಳ ಹಿಂದೆ ಅವರು ಅಚ್ಚು ಮಾಡಿದ ಪುಸ್ತಕಗಳ ಫೈಲುಗಳು ಇನ್ನೂ ಹಾಗೇ ಇವೆ. ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿ. ಆ ಫಾಂಟು ಇಲ್ಲದ ಕಡೆ ತೆರೆದರೆ ಕನ್ನಡ ಕಾಣುವುದಿಲ್ಲ, ಗೀರು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಈಗ ಒಂದು ಪುಸ್ತಕ ಮರುಮುದ್ರಣಕ್ಕೆ ಬಂದಿತ್ತು. ಮೊಬೈಲಿನಲ್ಲೂ ಓದುವ ಹಾಗೆ ಯುನಿಕೋಡಿನಲ್ಲಿ, ಅಂದರೆ ಎಲ್ಲ ಕಡೆಗೂ ಒಂದೇ ಆದ ಅಕ್ಷರಸಂಕೇತದಲ್ಲಿ, ಬೇಕಂತ ಕೇಳಿದ್ದರು. ಪೂರ್ತಿ ಮತ್ತೆ ಟೈಪು ಮಾಡುವುದೆಂದರೆ ತಿಂಗಳ ಕೆಲಸ.

ಅದಕ್ಕಾಗಿ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಮಾಡ್ಯೂಲ್, ಅಂದರೆ ಕೋಡಿನ ಕಟ್ಟು, ಬರೆದಿದ್ದೆ. ಹಳೆಯ ಸಂಕೇತ ಯಾವುದು, ಅದಕ್ಕೆ ಸರಿಯಾದ ಯುನಿಕೋಡ್ ಅಕ್ಷರ ಯಾವುದು ಅಂತ ಸಾಲು ಸಾಲಾಗಿ ಬರೆದ ಒಂದು ಪಟ್ಟಿಯ ಫೈಲು, ಅದನ್ನು ಓದಿ ಬದಲಾಯಿಸುವ ಕೋಡು. ಜಾಸ್ತಿ ತಲೆ ತಿಂದದ್ದು ಅರ್ಕಾವತ್ತು. 'ಕರ್ನಾಟಕ' ಅನ್ನುವಾಗ ಹಳೆಯ ಫೈಲಿನಲ್ಲಿ ಅರ್ಕಾವತ್ತು 'ನಾ' ಆದ ಮೇಲೆ ಕೂತಿರುತ್ತದೆ. ಯುನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಅಂದರೆ ಹಿಂದಿನ ಅಕ್ಷರ ಎಲ್ಲಿ ಶುರುವಾಯಿತು ಅಂತ ಹುಡುಕಿ ಅದನ್ನು ಅಲ್ಲಿಗೆ ಎತ್ತಿ ಇಡಬೇಕು. ಇದಕ್ಕೆ ಎರಡು ವಾರ ಹಿಡಿಯಿತು. ಅದು ಸರಿಯಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಎಲ್ಲವನ್ನೂ ಕಟ್ಟಿ ಒಂದು ವೀಲ್ ಫೈಲು, ಅಂದರೆ ಇನ್‌ಸ್ಟಾಲ್ ಮಾಡಲು ಸಿದ್ಧವಾದ ಗಂಟು, ಮಾಡಿ ವಾಟ್ಸ್ಯಾಪಿನಲ್ಲಿ ಗದಗಿಗೆ ಕಳಿಸಿದೆ. ಇನ್‌ಸ್ಟಾಲ್ ಮಾಡುವುದು ಒಂದು ಸಾಲಿನ ಕೆಲಸ ಅಂದುಕೊಂಡಿದ್ದೆ.

ಪಿಪ್ ಸಿಗದಿರುವುದು ದೊಡ್ಡ ತೊಂದರೆ ಅಲ್ಲ. ವಿಂಡೋಸಿನಲ್ಲಿ ಪೈಥಾನ್ ಹಾಕುವಾಗ ಪಾತ್‌ಗೆ ಸೇರಿಸು ಎಂಬ ಚೌಕಕ್ಕೆ ನಾವೇ ಗುರುತು ಹಾಕಬೇಕು, ಇಲ್ಲದಿದ್ದರೆ ಪಿಪ್ ಎಲ್ಲಿದೆ ಅಂತ ವಿಂಡೋಸಿಗೆ ಗೊತ್ತಾಗುವುದಿಲ್ಲ. ಅವಳು ಹಾಕಿರಲಿಲ್ಲ, ನಾನೂ ಹೇಳಿರಲಿಲ್ಲ. ಪಿಪ್ ಬದಲು 'ಪಿವೈ, ಮೈನಸ್ ಎಂ, ಪಿಪ್' ಅಂತ ಹೊಡೆಯಲು ಹೇಳಿದೆ. ಪಿಪ್ ಓಡಿತು. ಎರಡು ನಿಮಿಷದಲ್ಲಿ ಪರದೆ ತುಂಬ ಕೆಂಪು ಅಕ್ಷರ. ಅವಳು ಕೊನೆಯ ಸಾಲು ಓದಿದಳು: ವಿಷುವಲ್ ಸಿ ಪ್ಲಸ್ ಪ್ಲಸ್ 14 ಅಥವಾ ಅದಕ್ಕಿಂತ ಮೇಲಿನದು ಬೇಕು. ಅದು ಸಿ ಭಾಷೆಯ ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ಸಾಧನ, ಕಂಪೈಲರ್. ಕನ್ನಡ ಅಕ್ಷರ ಬದಲಿಸುವ ನನ್ನ ಮಾಡ್ಯೂಲಿಗೆ ಸಿ ಕಂಪೈಲರ್ ಯಾಕೆ ಬೇಕು? ಫೋನಿನಲ್ಲಿ ಇದು ಬಗೆಹರಿಯುವುದಿಲ್ಲ ಅನ್ನಿಸಿತು. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿಗೆ ಹೋದೆ.

ರೈಲಿನಲ್ಲಿ ಗದಗಿಗೆ ಸುಮಾರು ಒಂದು ತಾಸು. ಅಣ್ಣಿಗೇರಿ ದಾಟುವ ಹೊತ್ತಿಗೆ ಮೊದಲನೆಯದು ಹೊಳೆಯಿತು. ನನ್ನ ಮಾಡ್ಯೂಲ್ ರೆಜೆಕ್ಸ್ ಎಂಬ ಇನ್ನೊಂದು ಮಾಡ್ಯೂಲನ್ನು ನೆಚ್ಚಿಕೊಂಡಿದೆ. ಅಕ್ಷರವನ್ನು ಅದರ ಗುಣಿತದ ಚಿಹ್ನೆಯ ಜೊತೆ ಒಟ್ಟಿಗೆ ಹಿಡಿಯಲು ಅದು ಬೇಕು. ಪೈಥಾನಿನ ಜೊತೆಗೇ ಬರುವುದರಲ್ಲಿ ಆ ಸೌಲಭ್ಯ ಇಲ್ಲ. ಅದರ ಒಳಗಿನ ಭಾಗ ಸಿ ಭಾಷೆಯಲ್ಲಿದೆ. ಆದ್ದರಿಂದ ಪೈಥಾನಿನ ಒಂದೊಂದು ಆವೃತ್ತಿಗೂ ಬೇರೆ ಬೇರೆ ವೀಲ್ ಸಿದ್ಧ ಮಾಡಿ ಇಟ್ಟಿರುತ್ತಾರೆ. ಹೊಸದು ಬಂದು ನನ್ನ ಕೆಲಸ ಕೆಡದಿರಲಿ ಅಂತ ನಾನು 2022ರ ಒಂದು ಆವೃತ್ತಿಯನ್ನೇ ಬೇಕು ಅಂತ ಬಿಗಿಯಾಗಿ ಬರೆದಿದ್ದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇದ್ದದ್ದು ಪೈಥಾನ್ 3.13. ಅಷ್ಟು ಹಳೆಯ ರೆಜೆಕ್ಸಿಗೆ 3.13ರ ವೀಲ್ ಇಲ್ಲ. ಸಿದ್ಧವಾದದ್ದು ಸಿಗದಿದ್ದರೆ ಪಿಪ್ ಮೂಲ ಕೋಡನ್ನು ತಂದು ಅಲ್ಲೇ ಕಟ್ಟಲು ಹೋಗುತ್ತದೆ. ಕಟ್ಟಲು ಕಂಪೈಲರ್ ಬೇಕು. ವಿಂಡೋಸ್ ಬದಲು ನನ್ನ ಲ್ಯಾಪ್‌ಟಾಪಿನಲ್ಲಿರುವ ಉಬುಂಟುವಿನಲ್ಲೂ ಹೀಗೇ ಆಗಿರಬೇಕು, ಆದರೆ ಅಲ್ಲಿ ಕಂಪೈಲರ್ ಮೊದಲೇ ಇತ್ತು. ಸದ್ದಿಲ್ಲದೆ ಕಟ್ಟಿಕೊಂಡು ಮುಂದೆ ಹೋಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

'ಇದೇ ಬೇಕು' ಅಂತ ಇದ್ದದ್ದನ್ನು 'ಇದು ಅಥವಾ ಇದಕ್ಕಿಂತ ಹೊಸದು' ಅಂತ ತಿದ್ದಿ, ರೈಲಿನಲ್ಲೇ ಮತ್ತೆ ಕಟ್ಟಿದೆ.

ಪ್ರೆಸ್ಸಿನಲ್ಲಿ ಕಾಕಾ ಕಾಯುತ್ತಿದ್ದರು. "ಬಾ ಮಗಳ, ಮದ್ಲ ನಾಷ್ಟಾ ಮಾಡು." ನಾನು ಪೆನ್‌ಡ್ರೈವ್ ಹಾಕಿದೆ. ಈ ಸಲ ಒಂದೂ ಕೆಂಪು ಅಕ್ಷರ ಇಲ್ಲದೆ ಇನ್‌ಸ್ಟಾಲ್ ಆಯಿತು. ಹುಡುಗಿ ಕೈ ತಟ್ಟಿದಳು. ಪುಸ್ತಕದ ಮೊದಲ ಅಧ್ಯಾಯ ಕೊಟ್ಟು ಓಡಿಸಿದೆ. ಫೈಲು ಸಿಗುತ್ತಿಲ್ಲ ಅಂತ ತಕ್ಷಣ ನಿಂತಿತು. ಯಾವ ಫೈಲು? ನನ್ನ ಅಕ್ಷರಪಟ್ಟಿ.

ಇದು ನನಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಪಟ್ಟಿ ಕೋಡಿನ ಪಕ್ಕದಲ್ಲೇ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ ನೂರು ಸಲ ಓಡಿದೆ. ಅಲ್ಲೇ ಮತ್ತೆ ಓಡಿಸಿ ನೋಡಿದೆ, ಓಡಿತು. ಅರ್ಧ ತಾಸು ಪಟ್ಟಿಯ ಹೆಸರು, ದಾರಿ, ಕಾಗುಣಿತ ನೋಡುತ್ತಾ ಕೂತೆ. ಕಾಕಾ ಹಿಂದೆ ನಿಂತು ನೋಡುತ್ತಿದ್ದವರು ಕೇಳಿದರು, "ನೀ ಕಳಿಸಿದ ಗಂಟಿನ್ಯಾಗ ಅದು ಐತೇನು, ಬಿಚ್ಚಿ ನೋಡಿದೇನು?"

ನೋಡಿರಲಿಲ್ಲ. ವೀಲ್ ಅಂದರೆ ಬರೀ ಜಿಪ್ ಫೈಲು. ಹೆಸರಿನ ಕೊನೆ ಬದಲಿಸಿದರೆ ಯಾರು ಬೇಕಾದರೂ ತೆರೆಯಬಹುದು. ಒಳಗೆ ರೆಕಾರ್ಡ್ ಅಂತ ಒಂದು ಫೈಲು ಇರುತ್ತದೆ, ಪಾರ್ಸಲ್ ಜೊತೆ ಬರುವ ಚೀಟಿ ಇದ್ದ ಹಾಗೆ. ಏನೇನು ತುಂಬಿದೆ ಅಂತ ಅದರಲ್ಲಿ ಬರೆದಿರುತ್ತದೆ. ಅದರಲ್ಲಿ ನನ್ನ ಪಟ್ಟಿಯ ಹೆಸರೇ ಇರಲಿಲ್ಲ. ಕಟ್ಟುವ ಸೆಟಪ್‌ಟೂಲ್ಸ್ ಪೈಥಾನ್ ಕೋಡಿನ ಫೈಲುಗಳನ್ನು ತಾನೇ ಎತ್ತಿಕೊಳ್ಳುತ್ತದೆ. ಬೇರೆ ಫೈಲು ಬೇಕಾದರೆ ನಾವು ಹೇಳಬೇಕು. ನಾನು ಹೇಳಿರಲಿಲ್ಲ.

"ಖಾನೆದಾಗ ಮೊಳಿನs ಇಲ್ಲಂದ್ರ ಹೆಂಗ ಜೋಡಸ್ತಾರವಾ?" ಅಂದರು ಕಾಕಾ. ಅವರು ಇದನ್ನು ಎಷ್ಟು ಸಲ ಕಂಡಿರಬೇಕು ಅಲ್ವಾ, ಮೊಳೆ ಇರುವ ಪ್ರೆಸ್ಸಿನಲ್ಲಿ ಸರಾಗವಾಗಿ ಆಗುವ ಕೆಲಸ ಪಕ್ಕದ ಪ್ರೆಸ್ಸಿನಲ್ಲಿ ನಿಂತು ಹೋಗುವುದು.

ಹಾಗಾದರೆ ನನ್ನಲ್ಲಿ ಯಾಕೆ ಓಡುತ್ತಿತ್ತು? ಇದು ಗೊತ್ತಾಗದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಡೆಸ್ಕ್‌ಟಾಪಿನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿದೆ. ಅದರಲ್ಲಿ, ಹಳೆಯದೇನೂ ಇನ್‌ಸ್ಟಾಲ್ ಆಗಿರದ ಬೇರೆ ಜಾಗ ಸಿಗಲಿ ಅಂತ, ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ತೆರೆದು, ಅದೇ ವೀಲ್ ಹಾಕಿ ಓಡಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ತಪ್ಪು ಬಂತು. ತಪ್ಪು ಕಂಡು ಇಷ್ಟು ಸಮಾಧಾನ ನನಗೆ ಎಂದೂ ಆಗಿಲ್ಲ. ಇಷ್ಟು ದಿನ ನಾನು ಕೋಡಿನ ಫೋಲ್ಡರಿನ ಒಳಗೇ ಕೂತು ಪರೀಕ್ಷೆ ಮಾಡುತ್ತಿದ್ದೆ. ಪೈಥಾನ್ ಮಾಡ್ಯೂಲನ್ನು ಮೊದಲು ಹುಡುಕುವುದು ಆ ಫೋಲ್ಡರಿನಲ್ಲೇ. ಇನ್‌ಸ್ಟಾಲ್ ಆದದ್ದನ್ನು ಅದು ಒಂದು ಸಲವೂ ಮುಟ್ಟಿರಲಿಲ್ಲ. ಪಾಸಾದ ಪರೀಕ್ಷೆಗಳೆಲ್ಲ ನಾನು ಕಳಿಸದೇ ಇದ್ದ ಫೋಲ್ಡರಿನ ಪರೀಕ್ಷೆಗಳು. ಅಂದೇ ಕೋಡನ್ನು ಎಸ್‌ಆರ್‌ಸಿ ಎಂಬ ಒಳ ಫೋಲ್ಡರಿಗೆ ಸರಿಸಿದೆ. ಹಾಗೆ ಮಾಡಿದರೆ ಇನ್‌ಸ್ಟಾಲ್ ಮಾಡದೆ ಸುಮ್ನೆ ಓಡಿಸಲು ಬರುವುದಿಲ್ಲ.

ಪಟ್ಟಿಯನ್ನು ಸೇರಿಸಿ ಮತ್ತೆ ಕಟ್ಟಿ ಪ್ರೆಸ್ಸಿನ ಕಂಪ್ಯೂಟರಿಗೆ ಹಾಕಿದೆ. ಅದೇ ತಪ್ಪು! ಪಿಪ್ ಹೇಳಿದ್ದನ್ನು ಓದದೆ ಬಿಟ್ಟಿದ್ದೆ. ಇದೇ ಆವೃತ್ತಿ ಈಗಾಗಲೇ ಇದೆ, ಮತ್ತೆ ಹಾಕುವುದಿಲ್ಲ ಅಂತ ಅದು ಹೇಳಿತ್ತು. ನಾನು 0.1.0 ಅಂಕಿಯನ್ನು ಬದಲಿಸಿರಲಿಲ್ಲ. 0.1.1 ಮಾಡಿದೆ.

ಈಗ ಪಟ್ಟಿ ಸಿಕ್ಕಿತು. ಆದರೆ ಓದಲು ಆಗುತ್ತಿಲ್ಲ ಅಂತ ನಿಂತಿತು: 8ಡಿ ಎಂಬ ಬೈಟ್ ಅರ್ಥವಾಗುವುದಿಲ್ಲ.

ಈ 8ಡಿ ಬಗ್ಗೆ ಹೇಳಲೇಬೇಕು. ಫೈಲಿನಲ್ಲಿ ಅಕ್ಷರಗಳು ಬೈಟ್ ಎಂಬ ಅಂಕಿಗಳಾಗಿ ಕೂತಿರುತ್ತವೆ. ಯುನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಒತ್ತಕ್ಷರ ಮಾಡುವ '್' ಇದೆಯಲ್ಲ, ಅದರ ಮೂರು ಬೈಟ್ ಇ0, ಬಿ3, 8ಡಿ. ಉಬುಂಟುವಿನಲ್ಲಿ ಪೈಥಾನ್ ಫೈಲನ್ನು ತಾನಾಗಿ ಯುಟಿಎಫ್-8 ಅಂತಲೇ ತೆರೆಯುತ್ತದೆ. ಪ್ರೆಸ್ಸಿನ ವಿಂಡೋಸಿನಲ್ಲಿ ಅದು 1252 ಎಂಬ ಹಳೆಯ ಪಾಶ್ಚಾತ್ಯ ಸಂಕೇತಪಟ್ಟಿಯಿಂದ ತೆರೆಯಿತು. ಆ ಪಟ್ಟಿಯಲ್ಲಿ ಖಾಲಿ ಬಿಟ್ಟಿರುವ ಐದು ಜಾಗಗಳಲ್ಲಿ 8ಡಿ ಒಂದು. ನಮ್ಮ ಒತ್ತು ಬಂದು ಸರಿಯಾಗಿ ಆ ಖಾಲಿ ಜಾಗಕ್ಕೆ ಬಿದ್ದಿದೆ. ನನಗೆ ಅದು ಉಪಕಾರವೇ ಅನ್ನಿಸಿತು. 'ಅ'ಕಾರದ ಬೈಟುಗಳೆಲ್ಲ ಆ ಪಟ್ಟಿಯಲ್ಲಿ ಏನೋ ಒಂದು ಚಿಹ್ನೆಯಾಗಿ ಓದಿಸಿಕೊಂಡುಬಿಡುತ್ತವೆ. '್'ನ ಹಾಗೆ ತಡೆಯುವ ಚಿಹ್ನೆ ಒಂದೂ ಇರದಿದ್ದರೆ ತಪ್ಪಿನ ಸುಳಿವೂ ಇಲ್ಲದೆ ಇಡೀ ಪುಸ್ತಕ ಕಸವಾಗಿ ಹೊರಬರುತ್ತಿತ್ತು. ಫೈಲು ತೆರೆಯುವ ಸಾಲಿನಲ್ಲಿ ಯುಟಿಎಫ್-8 ಅಂತ ಬರೆದೆ. ಒಂದೇ ಪದದ ತಿದ್ದುಪಡಿ.

0.1.2 ಹಾಕಿದಾಗ ಮೂರು ಗಂಟೆ. ಮೊದಲ ಅಧ್ಯಾಯ ಕನ್ನಡದಲ್ಲಿ ತೆರೆಯಿತು. ಕಾಕಾ ಕನ್ನಡಕ ಏರಿಸಿ, ಹಳೆಯ ಪುಸ್ತಕ ಒಂದು ಕೈಯಲ್ಲಿ ಹಿಡಿದು, ಸಾಲಿಗೆ ಸಾಲು ಹೋಲಿಸಿದರು. ಪ್ರೂಫ್ ನೋಡುವ ಅವರ ಕಣ್ಣು ಈಗಲೂ ಚುರುಕು. ಎರಡು ಪುಟದಲ್ಲಿ ಮೂರು ಪದಗಳಿಗೆ ಪೆನ್ಸಿಲ್ ಗುರುತು ಹಾಕಿದರು. ಮೂರರಲ್ಲೂ ಅರ್ಕಾವತ್ತಿನ ಜೊತೆಗೆ ಒತ್ತೂ ಇತ್ತು. ಬರೆದುಕೊಂಡೆ.

ಪಕ್ಕದ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರ್ ಇತ್ತು. ನಾನು ಏಳಲು ಹೋದಾಗ ಹುಡುಗಿ ತಡೆದಳು. "ನೀವು ಕೂಡ್ರಿ ಅಕ್ಕಾರ, ಅದಕ್ಕ ನಾನ ಹಾಕ್ತೀನಿ." ಪೆನ್‌ಡ್ರೈವ್ ತೆಗೆದುಕೊಂಡು ಒಳಗೆ ಹೋದಳು. ಕಾಕಾ ಚಹಾ ತರಿಸಿದರು. ನಾನು ಚಹಾದ ಕಪ್ ಕೈಯಲ್ಲಿ ಹಿಡಿದು, ಕುಡಿಯದೆ, ಒಳಗಿನ ಕೀಲಿಮಣೆಯ ಸದ್ದು ಕೇಳುತ್ತಾ ಕೂತೆ. ಸದ್ದು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ.

"ಆತ್ರೀ ಅಕ್ಕಾರ," ಅಂತ ಒಳಗಿನಿಂದ ಕೂಗಿದಳು. "ಒತ್ತೂ ಬಂದಾವು."