ಕಾಕಾನ ಇನ್ಸುಲಿನ್‌ಗೆ ಗಡಿಗೆ: ಮಾರ್ಚ್‌ನಿಂದ ಜೂನ್‌ವರೆಗೆ

ಮಾರ್ಚ್

ನಮ್ಮ ಕಾಕಾ ಇರುವುದು ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ. ಶುಗರ್‌ಗೆ ಎರಡು ಹೊತ್ತು ಇನ್ಸುಲಿನ್ ಬೇಕು. ಬೆಳಿಗ್ಗೆ 20 ಯೂನಿಟ್, ರಾತ್ರಿ 10. ಮನೆಯಲ್ಲಿ ಫ್ರಿಜ್ ಇಲ್ಲ, ಬಾಟಲಿಯನ್ನು ಪಕ್ಕದ ಮನೆಯವರ ಫ್ರಿಜ್‌ನಲ್ಲಿ ಇಡುತ್ತಾರೆ. ಅವರು ಬೀಗ ಹಾಕಿಕೊಂಡು ಎಲ್ಲಾದರೂ ಹೋದರೆ ಕಾಕಾನ ಇಂಜೆಕ್ಷನ್ ತಪ್ಪುತ್ತದೆ. ಬಿಸಿಲು ಜೋರಾಗುವ ಮೊದಲೇ ಮಣ್ಣಿನ ಗಡಿಗೆಯಲ್ಲಿ ಏನಾದರೂ ಮಾಡಿಕೊಡಬೇಕು ಅಂತ ಕೆಲಸ ಶುರು ಮಾಡಿದ್ದೇನೆ.

ಮೊದಲು ಲೆಕ್ಕ. ಸೀಲ್ ತೆಗೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಅದು ಗಡಿಗೆಯಿಂದ ಆಗುವ ಕೆಲಸ ಅಲ್ಲ. ಬಳಸಲು ಶುರು ಮಾಡಿದ ಬಾಟಲಿಯನ್ನು ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಒಳಗೆ ಸುಮಾರು 4 ವಾರ ಇಡಬಹುದು. ಆಯಾ ಇನ್ಸುಲಿನ್‌ನ ಸರಿಯಾದ ಅಂಕಿ ಡಬ್ಬಿಯೊಳಗಿನ ಚೀಟಿಯಲ್ಲಿ ಇರುತ್ತದೆ, ಅದನ್ನೇ ನಂಬಬೇಕು. ಕಾಕಾನ ಬಾಟಲಿ 10 ಎಂಎಲ್, ಒಂದು ಎಂಎಲ್‌ಗೆ 40 ಯೂನಿಟ್. ಅಂದರೆ ಒಟ್ಟು 400. ದಿನಕ್ಕೆ 30 ಹೋದರೆ 13 ದಿನಕ್ಕೆ ಖಾಲಿ. ಹಾಗಾಗಿ ಹಳ್ಳಿಯಲ್ಲಿ ಒಂದೇ ಬಾಟಲಿ ಇದ್ದರೆ ಸಾಕು. ಮುಂದಿನದು ಕಲಬುರಗಿಯಲ್ಲಿ ನಮ್ಮ ಫ್ರಿಜ್‌ನಲ್ಲೇ ಇರಲಿ, ಫ್ರೀಜರ್ ಹತ್ತಿರ ಮಾತ್ರ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬರುವುದಿಲ್ಲ.

ಏಪ್ರಿಲ್

ಗಡಿಗೆಯೊಳಗೆ ಗಡಿಗೆ ಇಟ್ಟು ನಡುವೆ ಒದ್ದೆ ಮರಳು ತುಂಬುವ ಪದ್ಧತಿ ಹಳೆಯದು. ನೈಜೀರಿಯಾದ ಮೇಷ್ಟ್ರು ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ತರಕಾರಿ ಕೆಡದಂತೆ ಇಡಲು ಇದನ್ನೇ ಹಳ್ಳಿಹಳ್ಳಿಗೆ ಮುಟ್ಟಿಸಿದರು. ಮರಳಿನ ನೀರು ಹೊರಗಿನ ಗಡಿಗೆಯಲ್ಲಿ ಜಿನುಗಿ ಆವಿಯಾಗುತ್ತದೆ. ಆವಿಯಾಗುವಾಗ ಒಳಗಿನ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಜಾಸ್ತಿ. ನಮ್ಮ ಕಡೆಯ ಬೇಸಿಗೆ ಗಾಳಿ ಎಷ್ಟು ಒಣ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ ಅಲ್ವಾ.

ಗಡಿಗೆ ಆರಿಸುವಾಗ ಬಣ್ಣ ಬಳಿದದ್ದು, ಪಾಲಿಶ್ ಹಾಕಿದ್ದು ಬಿಟ್ಟೆ. ಬಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ನೀರು ಜಿನುಗುವುದೇ ಇಲ್ಲ. ಹೊರಗಿನದು ಅಗಲ ಬಾಯಿಯ ದೊಡ್ಡ ಗಡಿಗೆ, ಒಳಗಿನದು ಸಣ್ಣದು. ನಡುವೆ ಎರಡು ಬೆರಳು ಜಾಗ, ಅಲ್ಲಿ ತೊಳೆದ ಮರಳು. ಬಾಯಿಗೆ ಒದ್ದೆ ಗೋಣಿತಟ್ಟು. ಬಾಟಲಿಯನ್ನು ಜಿಪ್ ಕವರ್‌ಗೆ ಹಾಕಿ, ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿ ಇಟ್ಟೆ. ನೀರು ತಾಗಿ ಲೇಬಲ್ ಕಿತ್ತು ಬಂದರೆ ಯಾವ ಔಷಧ, ಯಾವಾಗ ಎಕ್ಸ್‌ಪೈರಿ ಅಂತ ತಿಳಿಯುವುದು ಹೇಗೆ?

ಡಬ್ಬಿಯೊಳಗೆ ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ಬಿಟ್ಟಿದ್ದೇನೆ. ಮೊದಲು ಅದನ್ನೇ ಪರೀಕ್ಷೆ ಮಾಡಿದೆ: ಪುಡಿ ಮಾಡಿದ ಐಸ್‌ಗೆ ಸ್ವಲ್ಪ ನೀರು ಹಾಕಿ ಕಲಸಿ, ತುದಿ ಅದ್ದಿದರೆ 0 ತೋರಿಸಬೇಕು. ತೋರಿಸಿತು. ದಿನದ ಗರಿಷ್ಠ ಅಂಕಿಯನ್ನು ನೆನಪಿಡುವ ಥರ್ಮಾಮೀಟರನ್ನೇ ತಗೊಳ್ಳಿ. ಬೆಳಿಗ್ಗೆ ನೋಡಿದರೆ ಯಾವ ಗಡಿಗೆಯೂ ತಣ್ಣಗೇ ಇರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಎಷ್ಟಿತ್ತು ಅನ್ನುವುದೇ ಮುಖ್ಯ.

ನಮ್ಮ ಮನೆಯಲ್ಲಿ ಖಾಲಿ ಡಬ್ಬಿ ಇಟ್ಟು ನೋಡಿದ್ದು: ಹೊರಗೆ 41 ಇದ್ದಾಗ ಡಬ್ಬಿಯೊಳಗೆ 27. ಅದೇ ಗಡಿಗೆಯನ್ನು ಗಾಳಿಯಾಡದ ಮೂಲೆಗೆ ಸರಿಸಿದರೆ 31ಕ್ಕೆ ಏರಿತು. ನೆರಳು ಇದ್ದರೆ ಸಾಲದು, ಗಾಳಿಯೂ ಆಡಬೇಕು.

ಮೇ

ಗಡಿಗೆ ಹಳ್ಳಿಗೆ ಹೋಯಿತು. ಮೊದಲ ಕೆಲವು ದಿನ ಅಂಕಿ ಮಾತ್ರ ನೋಡಿದೆವು, ಆಮೇಲೆ ಬಾಟಲಿ ಇಟ್ಟೆವು. ಪಡಸಾಲೆಯಲ್ಲಿ ಶಹಾಬಾದಿ ಕಲ್ಲಿನ ಮೇಲೆ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಗಡಿಗೆ. ಮಕ್ಕಳ ಕೈಗೆ ಸಿಗದ ಎತ್ತರ. ದಿನಕ್ಕೆ ಎರಡು ಸಲ ಮರಳಿಗೆ ನೀರು ಹಾಕಬೇಕು. ಫೋನ್‌ನಲ್ಲಿ ಅಲಾರಾಂ ಇಡಲಾ ಅಂದರೆ ಕಾಕಾ ಒಪ್ಪಲಿಲ್ಲ. "ಚಾ ಕುಡಿಯೋ ಹೊತ್ತಿಗಿ ಹಾಕ್ತೀನ್ ತಗೋ ತಮ್ಮಾ, ಅದೊಂದ್ ನಾ ಎಂದೂ ಮರಿಯಲ್ಲ." ಅದೇ ಪಕ್ಕಾ ಆಯಿತು, ನೀರು ತಪ್ಪಿಲ್ಲ.

ಬೋರ್ ನೀರಿನ ಉಪ್ಪಿನಿಂದ ಹೊರಗಿನ ಗಡಿಗೆಗೆ ಬಿಳಿ ಪದರ ಕಟ್ಟಿತು. ಆಗ ಅಂಕಿ 29 ದಾಟತೊಡಗಿತು. ತೆಂಗಿನ ನಾರಿನಿಂದ ತಿಕ್ಕಿದ ಮೇಲೆ ಮತ್ತೆ ಇಳಿಯಿತು. ಈಗ ವಾರಕ್ಕೊಮ್ಮೆ ತಿಕ್ಕುವುದು ಕಾಕಿಯ ಕೆಲಸ.

ಗಡಿಗೆಗಿಂತ ದೊಡ್ಡ ವಿಷಯ ಒಂದು ಕಣ್ಣಿಗೆ ಬಿತ್ತು. ಡಬ್ಬಿಯಲ್ಲಿ ಕಿತ್ತಳೆ ಮುಚ್ಚಳದ ಸಿರಿಂಜ್‌ಗಳಿದ್ದವು. ಅವು ಒಂದು ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ನವು. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜೇ ಬೇಕು. ಕಿತ್ತಳೆ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಈ ಬಾಟಲಿಯಿಂದ ಬರುವುದು ಬರೀ 8 ಯೂನಿಟ್. ತಿರುವುಮುರುವಾದರೆ ಜೀವಕ್ಕೇ ಅಪಾಯ: 100ರ ಇನ್ಸುಲಿನ್‌ಅನ್ನು ಕೆಂಪು ಸಿರಿಂಜ್‌ನಲ್ಲಿ 20ರವರೆಗೆ ಎಳೆದರೆ 50 ಯೂನಿಟ್ ಮೈಗೆ ಹೋಗುತ್ತದೆ, ಶುಗರ್ ಏಕದಂ ಬೀಳುತ್ತದೆ. ಪುಣ್ಯಕ್ಕೆ ಆ ಪ್ಯಾಕೆಟ್ ಇನ್ನೂ ಒಡೆದಿರಲಿಲ್ಲ. ಕಾಕಾನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಅದಕ್ಕೆ ಒಂದು ರಟ್ಟಿಗೆ ಕೆಂಪು ಮುಚ್ಚಳ ಅಂಟಿಸಿ, ಕೆಳಗೆ 40 ಅಂತ ದಪ್ಪಗೆ ಬರೆದು ಕೊಟ್ಟಿದ್ದೇನೆ. ಔಷಧಿ ಅಂಗಡಿಗೆ ಯಾರೇ ಹೋದರೂ ಆ ರಟ್ಟು ತೋರಿಸಿಯೇ ತರಬೇಕು.

ಜೂನ್

ಮಳೆ ಶುರುವಾಯಿತು, ಗಾಳಿಯಲ್ಲಿ ತೇವ. ಹೊರಗೆ 32 ಇದ್ದಾಗ ಡಬ್ಬಿಯೊಳಗೆ 29. ವ್ಯತ್ಯಾಸ ಕಮ್ಮಿಯಾಗಿದೆ, ಆದರೂ 30 ದಾಟಿಲ್ಲ. ಸೆಕೆ ಜಾಸ್ತಿ ಇರುವ ದಿನ ತಟ್ಟು ಒದ್ದೆ ಇದ್ದರೂ ಪ್ರಯೋಜನ ಕಾಣಲಿಲ್ಲ. ಅಂಥ ದಿನಗಳಲ್ಲಿ 30ರ ಮೇಲೆ ಹೋದರೆ ಬಾಟಲಿ ಪಕ್ಕದ ಮನೆಯ ಫ್ರಿಜ್‌ಗೆ ಹೋಗಬೇಕು ಅಂತ ಮಾತಾಗಿದೆ.

ಕಾಕಾನದು ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್. ಚುಚ್ಚುವ ಮೊದಲು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸುತ್ತಾರೆ, ಕುಲುಕುವುದಿಲ್ಲ. ಉರುಳಿಸಿದ ಮೇಲೂ ಗಂಟು ಉಳಿದರೆ, ಗಾಜಿಗೆ ಬಿಳಿ ಕಣ ಅಂಟಿಕೊಂಡಿದ್ದರೆ ಆ ಬಾಟಲಿ ಎಸೆಯಬೇಕು. ಇದುವರೆಗೆ ಹಾಗೆ ಆಗಿಲ್ಲ. ಸೀಲ್ ತೆಗೆದ ತಾರೀಕನ್ನು ಬಾಟಲಿ ಮೇಲೆ ಪಟ್ಟಿ ಅಂಟಿಸಿ ಬರೆಯುವ ಕೆಲಸವನ್ನು ಅವರ ಮೊಮ್ಮಗಳು ವಹಿಸಿಕೊಂಡಿದ್ದಾಳೆ.

ಮುಂದಿನ ಕೆಲಸ ಬಳಸಿದ ಸೂಜಿಗಳದ್ದು. ಈಗ ದಪ್ಪ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಅದರೊಳಗೆ ಹಾಕುತ್ತಿದ್ದಾರೆ. ಡಬ್ಬಿ ತುಂಬಿದ ಮೇಲೆ ಆಸ್ಪತ್ರೆಯವರು ತಗೊಳ್ಳುತ್ತಾರಾ ಅಂತ ಕೇಳಿಕೊಂಡು ಬರಬೇಕು.